ಎರವಲು ಪದ, ನಮ್ಮ ನಾಲಗೆ

ಪೀಣ್ಯದ ಕೈಗಾರಿಕಾ ಪ್ರದೇಶಕ್ಕೂ ಸುಂಕದಕಟ್ಟೆಗೂ ನಡುವೆ ಇರುವ ಹೆಗ್ಗನಹಳ್ಳಿ ಒಂದು ಕಾಲಕ್ಕೆ ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿದ್ದಿತು. ಬೆಂಗಳೂರು ಪಶ್ಚಿಮಕ್ಕೆ ಬೆಳೆದಂತೆ ಅದೂ ನಗರದೊಳಗೆ ಸೇರಿಹೋಯಿತು. ನಾಡಿನ ನಾನಾ ಜಿಲ್ಲೆಗಳಿಂದ ದುಡಿಮೆಯನ್ನರಸಿ ಬಂದವರು ಅಲ್ಲಿ ನೆಲೆಸಿದ್ದಾರೆ. ಆದುದರಿಂದ ಕನ್ನಡದ ಹಲವು ಬಗೆಯ ಉಚ್ಚಾರಣೆ ಅಲ್ಲಿ ಒಂದೇ ಬೀದಿಯಲ್ಲಿ ಕೇಳಿಬರುತ್ತದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಊರಹಬ್ಬಗಳು ಬಂದರೆ ಇಂಥ ಬಡಾವಣೆಗಳಲ್ಲಿ ಶಾಮಿಯಾನ ಮತ್ತು ಸೌಂಡ್‌ಸಿಸ್ಟಂ ಬಾಡಿಗೆಗೆ ಕೊಡುವವರಿಗೆ ಬಿಡುವಿರುವುದಿಲ್ಲ. ಮೈಕ್‌ಸೆಟ್ಟು, ಆಂಪ್ಲಿ, ಬಾಕ್ಸು, ಬೇಸು, ವಾಲ್ಯೂಮು – ಈ ಮಾತುಗಳನ್ನು ಆಡುವವರಿಗೆ ಅವು ಪರಭಾಷೆಯವೆಂಬ ಅಳುಕು ಕಿಂಚಿತ್ತೂ ಇಲ್ಲ. ಹಗ್ಗ, ಏಣಿ, ಮೊಳೆ ಎಂಬಷ್ಟೇ ಸಲೀಸಾಗಿ ಅವು ಬಾಯಿಂದ ಬರುತ್ತವೆ.

ಅದೇ ಬೀದಿಯಲ್ಲಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಓದಿ, ಐ.ಟಿ.ಐ.ಗೋ ಡಿಪ್ಲೊಮಾ ತರಗತಿಗೋ ಸೇರಿದ ಹುಡುಗನಿಗೆ ಮಾತ್ರ ಇವೇ ಪದಗಳು ಒಂದು ದಿನ ಬೇರೆ ವೇಷ ತೊಟ್ಟು ಎದುರಾಗುತ್ತವೆ. ಕೈಗೆ ಚೆನ್ನಾಗಿ ಬಲ್ಲ ಯಂತ್ರ. ಆದರೆ ಅದರ ಹೆಸರನ್ನು ತರಗತಿಯಲ್ಲಿ ಹೇಳಿದೊಡನೆ ಹಿಂದಿನ ಬೆಂಚಿನಿಂದ ನಗು. ಕೆಲವೊಮ್ಮೆ, ಹೇಳುವುದಕ್ಕೆ ವ್ಯಸನವಾಗುತ್ತದೆ, ನಗು ಮುಂದಿನ ಮೇಜಿನಿಂದಲೂ ಬರುವುದುಂಟು. ಒಮ್ಮೆ ನಗೆಪಾಟಲಾದವನು ಎರಡನೆಯ ಸಲ ಪ್ರಶ್ನೆ ಕೇಳುವುದಿಲ್ಲ. ಉಚ್ಚಾರಣೆಯ ವಿಚಾರವನ್ನು ಪಂಡಿತರ ಕಾಲಕ್ಷೇಪವೆಂದು ತಳ್ಳಿಹಾಕಲಾಗದುದಕ್ಕೆ ಇದೇ ಕಾರಣ. ಧ್ವನಿವಿಜ್ಞಾನಕ್ಕೆ ಸಂಬಂಧಪಟ್ಟ ಪರಭಾಷಾ ಪದಗಳನ್ನು ಕನ್ನಡಿಗನು ಹೇಗೆ ಉಚ್ಚರಿಸಬೇಕು? ತಪ್ಪು ಯಾವುದು, ನಮ್ಮ ನಾಲಗೆಯ ಸಹಜಧರ್ಮ ಯಾವುದು?

ಈ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳು ಕೇಳಿಬರುತ್ತವೆ. ಇಂಗ್ಲಿಷಿನವರು ಹೇಗೆ ಹೇಳುತ್ತಾರೋ ಹಾಗೆಯೇ ಹೇಳಬೇಕು, ಇಲ್ಲವಾದರೆ ಅದು ಅಶುದ್ಧ ಎನ್ನುವವರು ಮೊದಲನೆಯವರು. ಪರಭಾಷೆಯ ಪದವೇ ಬೇಡ, ಎಲ್ಲಕ್ಕೂ ನಾವೇ ಪದ ಕಟ್ಟೋಣ ಎನ್ನುವವರು ಎರಡನೆಯವರು. ಹೇಗೆ ಹೇಳಿದರೇನು, ಕೆಲಸ ನಡೆದರೆ ಸಾಕು ಎನ್ನುವವರು ಮೂರನೆಯವರು. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ, ಯಾರೊಬ್ಬರದೂ ಪೂರ್ಣಸತ್ಯವಲ್ಲ.

ಎರವಲಿನ ಸಮಸ್ಯೆ ಕನ್ನಡಕ್ಕೆ ರೇಡಿಯೋವಿನೊಡನೆ ಬಂದುದಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ಬರೆದಾಗ, ಸಂಸ್ಕೃತದ ಪದಗಳು ಕನ್ನಡದ ಬಾಯಲ್ಲಿ ಹೇಗೆ ಮಾರ್ಪಡುತ್ತವೆ ಎಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಹಾಗೆ ಮಾರ್ಪಟ್ಟ ಪದಗಳನ್ನು ನಮ್ಮ ವ್ಯಾಕರಣ ತದ್ಭವವೆಂದು ಕರೆದು ಗೌರವದ ಸ್ಥಾನ ಕೊಟ್ಟಿದೆ. ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸೇರಿದ ಎರಡು ಪದಗಳನ್ನೇ ನೋಡಿರಿ: ಧ್ವನಿ ಎಂಬುದು ದನಿಯಾಯಿತು, ಶಬ್ದ ಎಂಬುದು ಸದ್ದಾಯಿತು. ದನಿ, ಸದ್ದು ಎಂದವನನ್ನು ನೋಡಿ ಯಾರಾದರೂ ನಕ್ಕರೆ? ಇಲ್ಲ, ಕವಿಗಳು ಅವನ್ನೇ ಆರಿಸಿ ಆರಿಸಿ ಬಳಸಿದರು. ಮೂಲಪದವೂ ಉಳಿಯಿತು, ಮಾರ್ಪಟ್ಟ ಪದವೂ ಉಳಿಯಿತು. ಶಾಸ್ತ್ರಕ್ಕೆ ಒಂದು, ಒಲುಮೆಗೆ ಒಂದು ಎಂಬಂತೆ ಎರಡೂ ಬಾಳಿದವು. ಸಂಸ್ಕೃತಕ್ಕೆ ಒಪ್ಪಿದ ನ್ಯಾಯ ಇಂಗ್ಲಿಷಿಗೂ ಗ್ರೀಕಿಗೂ ಏಕೆ ಒಪ್ಪಬಾರದು?

ನಿರಕ್ಷರಿಯ ಬಾಯಲ್ಲಿ ಪದ ಕೆಟ್ಟುಹೋಯಿತೆಂದು ಹೇಳುವವರು ಆ 'ಕೆಡುವಿಕೆ'ಯಲ್ಲಿರುವ ನಿಯಮವನ್ನು ಗಮನಿಸಿರುವುದಿಲ್ಲ. ಹಳಗನ್ನಡದಲ್ಲಿ ಕಣ್, ಕಲ್, ಪಲ್, ಪಾಲ್, ತೇರ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಮುಂದೆ ಉಕಾರವನ್ನು ಪಡೆದವು. ಹ್ರಸ್ವಸ್ವರದ ಪದಗಳಲ್ಲಿ ಕೊನೆಯ ವ್ಯಂಜನ ಇಮ್ಮಡಿಯಾಯಿತು: ಕಣ್ಣು, ಕಲ್ಲು, ಹಲ್ಲು. ದೀರ್ಘಸ್ವರದ ಪದಗಳಲ್ಲಿ ಇಮ್ಮಡಿಯಾಗಲಿಲ್ಲ: ಹಾಲು, ತೇರು. ಈಗ ಬೀದಿಯ ಮಾತಿಗೆ ಕಿವಿಗೊಡಿರಿ. ಸೆಟ್ ಎಂಬುದು ಸೆಟ್ಟು, ಬಸ್ ಎಂಬುದು ಬಸ್ಸು. ಆದರೆ ಟೇಪ್ ಎಂಬುದು ಟೇಪು, ಮೈಕ್ ಎಂಬುದು ಮೈಕು. ಕಲ್ಲು, ಹಾಲುಗಳನ್ನು ಎರಕ ಹೊಯ್ದ ಅಚ್ಚಿನಲ್ಲಿಯೇ ಸೆಟ್ಟು, ಮೈಕುಗಳೂ ಎರಕಗೊಂಡಿವೆ. ಮೈಕ್‌ಸೆಟ್ಟಿನ ಹುಡುಗ ವ್ಯಾಕರಣ ಓದಿರಲಾರ. ಆದರೆ ಹಲವು ನೂರು ವರ್ಷಗಳ ವ್ಯಾಕರಣ ಅವನ ನಾಲಗೆಯ ಮೇಲಿದೆ.

ಹೀಗೆ ಒಗ್ಗಿಕೊಂಡ ಪದ ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಸಂಗೀತ ಪ್ರಪಂಚವೇ ಸಾಕ್ಷಿ. ಫಿಡ್ಲ್ ಎಂಬ ಇಂಗ್ಲಿಷ್ ಪದ ನಮ್ಮಲ್ಲಿಗೆ ಬಂದು ಪಿಟೀಲು ಆಯಿತು. ಫಕಾರ ಹೋಗಿ ಪಕಾರ ಬಂದಿತು, ಒತ್ತಕ್ಷರ ಬಿಡಿಸಿಕೊಂಡಿತು, ಕೊನೆಗೆ ಒಂದು ಉಕಾರ ಸೇರಿತು. ಇಂಗ್ಲಿಷಿನವನ ಕಿವಿಗೆ ಅದು ಗುರುತು ಹತ್ತಲಾರದು. ಆದರೆ ಸಂಗೀತ ವಿದ್ವಾಂಸರಾದ ಟಿ. ಚೌಡಯ್ಯನವರನ್ನು (1895–1967) ನಾಡು ಪ್ರೀತಿಯಿಂದ ಕರೆದುದು 'ಪಿಟೀಲು ಚೌಡಯ್ಯ' ಎಂದೇ. ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಆ ವಾದ್ಯಕ್ಕೆ ಏಳು ತಂತಿ ಬಿಗಿದವರು ಅವರು. ಅವರ ನೆನಪಿಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ನಿಂತಿದೆ. ಆ ಹೆಸರನ್ನು ಯಾರೂ ಅಪಭ್ರಂಶವೆಂದು ತಿದ್ದಲು ಹೋಗಲಿಲ್ಲ.

ಇನ್ನು, ಯಾವುದನ್ನು ಶುದ್ಧವೆಂದು ನಾವು ತಲೆಯ ಮೇಲೆ ಹೊತ್ತುಕೊಂಡಿದ್ದೇವೋ ಆ ಇಂಗ್ಲಿಷ್ ಉಚ್ಚಾರಣೆಯಾದರೂ ಎಷ್ಟರಮಟ್ಟಿಗೆ ಮೂಲನಿಷ್ಠ? ಮೈಕ್ರೋಫೋನ್, ಗ್ರಾಮಫೋನ್ ಮುಂತಾದ ಪದಗಳ ಕೊನೆಯಲ್ಲಿರುವ 'ಫೋನ್' ಎಂಬುದು ಧ್ವನಿ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಪ್ರಾಚೀನ ಗ್ರೀಕರು ಅದರ ಮೊದಲ ಅಕ್ಷರವನ್ನು ಹಲ್ಲಿಗೆ ತುಟಿ ತಾಗಿಸಿ ಊದುತ್ತಿರಲಿಲ್ಲ. ಪಕಾರಕ್ಕೆ ಉಸಿರು ಸೇರಿಸಿ, ನಾವು 'ಫಲ' ಎಂದು ಶಾಸ್ತ್ರೀಯವಾಗಿ ಹೇಳುವಂತೆ, ಮಹಾಪ್ರಾಣವಾಗಿ ಉಚ್ಚರಿಸುತ್ತಿದ್ದರು. ಎಂದರೆ, ಸಂಸ್ಕೃತ ಪಾಠ ಮಾಡುವ ಹಳೆಯ ಮೇಷ್ಟರೊಬ್ಬರು 'ಮೈಕ್ರೋಫೋನ್' ಎಂಬಲ್ಲಿನ ಫಕಾರವನ್ನು 'ಫಲ'ದ ಫಕಾರದಂತೆಯೇ ಹೇಳಿದರೆ, ಆ ಅಕ್ಷರದ ಮಟ್ಟಿಗೆ ಅವರು ಲಂಡನ್ನಿಗಿಂತ ಅಥೆನ್ಸಿಗೆ ಹತ್ತಿರ! ಲಾರಿ, ಬಸ್ಸುಗಳಲ್ಲಿ ಹಾಡಿ ಹಾಡಿ ನಮಗೆ ಪರಿಚಿತವಾದ 'ಸ್ಟೀರಿಯೋ' ಎಂಬ ಪದಕ್ಕೆ ಇಂಗ್ಲಿಷಿನಲ್ಲಿಯೇ ಸ್ಟೆರಿಯೋ, ಸ್ಟೀರಿಯೋ ಎಂಬ ಎರಡು ಉಚ್ಚಾರಣೆಗಳುಂಟು. ಪುರಿಯ ಜಗನ್ನಾಥನನ್ನು 'ಜಗರ್‌ನಾಟ್' ಎಂದು ಮಾಡಿಕೊಂಡ ಇಂಗ್ಲಿಷ್ ಭಾಷೆ ಅದಕ್ಕಾಗಿ ಎಂದೂ ನಾಚಿಕೊಂಡಿಲ್ಲ. ಎರವಲು ತಂದ ಪದವನ್ನು ತನ್ನ ಬಾಯಿಗೆ ಹೊಂದಿಸಿಕೊಳ್ಳುವುದು ಎಲ್ಲ ಜೀವಂತ ಭಾಷೆಗಳ ಹಕ್ಕು.

ಹಕ್ಕೆಂದ ಮಾತ್ರಕ್ಕೆ ಅಂಕೆಯಿಲ್ಲವೆಂದು ಅರ್ಥವಲ್ಲ. ಮೂರನೆಯ ಪಕ್ಷದವರಿಗೆ ನಾವು ಹೇಳಬೇಕಾದ ಮಾತು ಇಲ್ಲಿದೆ. ಉಚ್ಚಾರಣೆ ಬದಲಾದಾಗ ಅರ್ಥವೇ ಬದಲಾಗುವಂತಿದ್ದರೆ ಅಲ್ಲಿ ಎಚ್ಚರ ಬೇಕು. ಒಂದೇ ಸ್ವರವನ್ನು ವೀಣೆ ನುಡಿದಾಗ ಒಂದು ಬಗೆ, ಕೊಳಲು ನುಡಿದಾಗ ಇನ್ನೊಂದು ಬಗೆ ಕೇಳುತ್ತದಷ್ಟೆ. ನಾದದ ಆ ವಿಶಿಷ್ಟ ಗುಣಕ್ಕೆ ಇಂಗ್ಲಿಷಿನವರು ಫ್ರೆಂಚರಿಂದ ಪಡೆದ ಹೆಸರು 'ಟ್ಯಾಂಬರ್'. ಅದರ ಅಕ್ಷರಗಳನ್ನು ಕಂಡಂತೆಯೇ ಓದಿ ನಮ್ಮ ವಿದ್ಯಾರ್ಥಿ 'ಟಿಂಬರ್' ಎನ್ನುವುದುಂಟು. ಟಿಂಬರ್ ಎಂದರೆ ಮರಮುಟ್ಟು. ಬೆಂಗಳೂರಿನ ಪಶ್ಚಿಮದಲ್ಲಿಯೇ ಮೈಸೂರು ರಸ್ತೆಯ ಬಳಿ ಟಿಂಬರ್ ಯಾರ್ಡ್ ಬಡಾವಣೆಯಿದೆ. ವೀಣೆಯ ಟಿಂಬರು ಚೆನ್ನಾಗಿದೆಯೆಂದರೆ ಕೇಳಿದವರು ಅದರ ಹಲಸಿನ ಮರವನ್ನು ಹೊಗಳಿದರೆಂದು ತಿಳಿದಾರು. ಹಾಗೆಯೇ ಮಂದ್ರಧ್ವನಿಗೆ ಇರುವ ಪದ 'ಬೇಸ್'. ಅದನ್ನು 'ಬಾಸ್' ಎಂದರೆ ಕನ್ನಡಿಗನ ಕಿವಿಗೆ ಅದು ಯಜಮಾನನ ಹೆಸರು. ಇಂಥ ಕಡೆಗಳಲ್ಲಿ ಬೇರೆ ಬೇರೆ ವಸ್ತುಗಳಿಗೆ ಬೇರೆ ಬೇರೆ ಸದ್ದು ಇರಲೇಬೇಕು. ಮೈಕನ್ನು ಮೈಕು ಎಂದರೆ ಇಂಥ ಗೊಂದಲವೇನೂ ಹುಟ್ಟುವುದಿಲ್ಲ. ಟ್ಯಾಂಬರನ್ನು ಟಿಂಬರ್ ಎಂದರೆ ಹುಟ್ಟುತ್ತದೆ. ತಿದ್ದಬೇಕಾದುದಕ್ಕೂ ಬಿಡಬೇಕಾದುದಕ್ಕೂ ಇರುವ ಅಂತರ ಇದೇ.

ಎರಡನೆಯ ಎಚ್ಚರ ಹೆಸರುಗಳ ವಿಚಾರದಲ್ಲಿ. ಬ್ಯಾಂಗಲೋರ್ ಎಂಬುದನ್ನು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಆಗಿಸಿದವರು ನಾವು. ನಮ್ಮ ಊರಿನ ಹೆಸರನ್ನು ಲೋಕ ಸರಿಯಾಗಿ ಹೇಳಬೇಕೆಂದು ಬಯಸುವ ನಾವು, ಲೋಕದ ವಿಜ್ಞಾನಿಗಳ ಹೆಸರನ್ನು ಕೈಲಾದಮಟ್ಟಿಗೆ ಸರಿಯಾಗಿ ಹೇಳುವುದು ನ್ಯಾಯ. ಧ್ವನಿಯ ಅಳತೆಯ ಪದಗಳಲ್ಲಿ ಹಲವು ವ್ಯಕ್ತಿಗಳ ಹೆಸರಿನಿಂದ ಆದವು. ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಅಳೆಯುವ ಮಾನಕ್ಕೆ, ರೇಡಿಯೋ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಜರ್ಮನಿಯ ಹೈನ್ರಿಖ್ ಹರ್ಟ್ಸ್ (1857–1894) ಅವರ ಹೆಸರಿದೆ. ಹಳೆಯ ರೇಡಿಯೋಗಳ ಮುಖದ ಮೇಲೆ ಕಿಲೋಸೈಕಲ್ ಎಂದಿರುತ್ತಿತ್ತು. ಸೈಕಲ್ಲೆಂದರೆ ತುಳಿಯುವ ಸೈಕಲ್ಲೆಂದೇ ತಿಳಿದ ನಮಗೆ ಅದು ವಿನೋದವಾಗಿ ತೋರುತ್ತಿದ್ದಿರಬೇಕು. 1960ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ ಹರ್ಟ್ಸ್ ಎಂಬುದನ್ನು ಅಂಗೀಕರಿಸಿದ ಮೇಲೆ, ರೇಡಿಯೋವಿನ ಕಿಲೋಸೈಕಲ್ ಕಿಲೋಹರ್ಟ್ಸ್ ಆಯಿತು.

ಈ ಪದವನ್ನು ಕನ್ನಡದಲ್ಲಿ ಒಬ್ಬರು ಹರ್ಟ್ಜ್ ಎಂದೂ ಮತ್ತೊಬ್ಬರು ಹರ್ಟ್ಝ್ ಎಂದೂ ಇನ್ನೊಬ್ಬರು ಹರ್ಟ್ಸ್ ಎಂದೂ ಬರೆಯುತ್ತಾರೆ. ಮೊದಲ ಎರಡು ರೂಪಗಳು ಇಂಗ್ಲಿಷ್ ಅಕ್ಷರಗಳ ನಕಲು. ಆ ಹೆಸರಿನ ಕೊನೆಯ ಅಕ್ಷರವನ್ನು ಜರ್ಮನರು ಜಕಾರವಾಗಿ ಹೇಳುವುದಿಲ್ಲ. 'ಟ್ಸ್' ಎಂದೇ ಹೇಳುತ್ತಾರೆ. ಮೊದಲ ಸ್ವರ ಅವರ ಬಾಯಲ್ಲಿ ಎಕಾರಕ್ಕೆ ಹತ್ತಿರವಾದರೂ ಅಕಾರ ನಮ್ಮಲ್ಲಿ ರೂಢಿಯಾಗಿದೆ. ಅದನ್ನು ಈಗ ಕದಲಿಸುವುದು ಬೇಡ. ಆದರೆ ಕೊನೆಯಲ್ಲಿ ಸಕಾರವನ್ನೇ ಇಟ್ಟು ಹರ್ಟ್ಸ್ ಎಂದು ಬರೆಯುವುದು ಸರಿ. ಓದುವವನಿಗೆ ಅದು ಸುಲಭವೂ ಹೌದು, ಮೂಲಕ್ಕೆ ಹತ್ತಿರವೂ ಹೌದು. ಡೆಸಿಬೆಲ್ ಎಂಬ ಪದದಲ್ಲಿಯೂ ಹೀಗೆಯೇ. ಅದರಲ್ಲಿ 'ಡೆಸಿ' ಎಂದರೆ ಹತ್ತನೆಯ ಒಂದು ಪಾಲು. 'ಬೆಲ್' ಎಂಬುದು ಟೆಲಿಫೋನಿನೊಡನೆ ನಾವು ನೆನೆಯುವ ಅಲೆಕ್ಸಾಂಡರ್ ಗ್ರಹಾಂ ಬೆಲ್ (1847–1922) ಅವರ ಹೆಸರು. ಡೆಸಿಬಲ್ ಎಂದು ಬರೆದರೆ ಆ ಹೆಸರು ಮರೆಯಾಗುತ್ತದೆ. ಒಂದು ಎತ್ವದಲ್ಲಿ ಒಬ್ಬ ಮನುಷ್ಯನ ನೆನಪಿದೆಯೆಂದು ತಿಳಿದ ವಿದ್ಯಾರ್ಥಿ ಆ ಎತ್ವವನ್ನು ಬಿಡಲಾರ.

ಇನ್ನು ಎಲ್ಲಕ್ಕೂ ನಮ್ಮದೇ ಪದ ಬೇಕೆನ್ನುವ ಎರಡನೆಯ ಪಕ್ಷ. ಅವರ ಉತ್ಸಾಹಕ್ಕೆ ಹೆಮ್ಮೆಯ ಆಧಾರವುಂಟು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತು. ಮುಂದೆ ಇಡೀ ದೇಶದ ಬಾನುಲಿ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಬಾನುಲಿ ಎಂಬ ಅಚ್ಚಗನ್ನಡದ ಪದವಂತೂ ಕಿವಿಗೆ ಜೇನು. ಆದರೂ ಮನೆಯೊಳಗಿನ ಪೆಟ್ಟಿಗೆಯನ್ನು ಜನ ರೇಡಿಯೋ ಎಂದೇ ಕರೆದರು. ಲೌಡ್‌ಸ್ಪೀಕರಿಗೆ ಧ್ವನಿವರ್ಧಕವೆಂಬ ಸೊಗಸಾದ ಪದ ಹುಟ್ಟಿತು. ಪೊಲೀಸರ ಪ್ರಕಟಣೆಯಲ್ಲಿ, ಪತ್ರಿಕೆಯ ವರದಿಯಲ್ಲಿ ಅದು ಸುಖವಾಗಿದೆ. ಬೀದಿಯಲ್ಲಿ ಮಾತ್ರ ಅದು ಮೈಕೇ. ಅಲ್ಲದೆ, ಸಂಸ್ಕೃತದಿಂದ ಕಟ್ಟಿದ ಪದಕ್ಕೆ ಉಚ್ಚಾರಣೆಯ ತೊಡಕು ಇಲ್ಲವೆಂಬುದೂ ಭ್ರಮೆ. ಧ್ವನಿವರ್ಧಕ ಎಂಬಲ್ಲಿ ಎರಡು ಮಹಾಪ್ರಾಣಗಳಿವೆ. ಎರಡನ್ನೂ ಉಸಿರು ಬಿಟ್ಟು ನುಡಿಯುವವರು ಎಷ್ಟು ಮಂದಿ? 'ದ್ವನಿವರ್ದಕ' ಎಂದವನನ್ನು ಕ್ಷಮಿಸುವ ನಾವು 'ಆಂಪ್ಲಿಪೈಯರ್' ಎಂದವನನ್ನು ಏಕೆ ಕ್ಷಮಿಸುವುದಿಲ್ಲ? ನಮ್ಮ ನಗೆಯ ಹಿಂದಿರುವುದು ಶುದ್ಧಿಯ ಪ್ರೇಮವಲ್ಲ, ಇಂಗ್ಲಿಷಿನ ಭಯ ಎಂಬ ಸಂಶಯ ಬರುವುದು ಇಲ್ಲಿಯೇ.

ಬಾಯಿಗೆ ಈ ಸ್ವಾತಂತ್ರ್ಯವಿರಲಿ. ಬರಹಕ್ಕೆ ಮಾತ್ರ ಶಿಸ್ತು ಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಮಿತ್ರರೂ ನೂರು ವರ್ಷಗಳ ಹಿಂದೆಯೇ 'ವಿಜ್ಞಾನ' ಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿ, ಶಾಸ್ತ್ರವಿಷಯ ಈ ಭಾಷೆಯಲ್ಲಿ ಹೇಳಲು ಬರುತ್ತದೆಂದು ತೋರಿಸಿಕೊಟ್ಟರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913–2021) 'ಎರವಲು ಪದಕೋಶ'ವನ್ನು ರಚಿಸಿ, ಕನ್ನಡಕ್ಕೆ ಬಂದ ಪರಭಾಷಾ ಪದಗಳಿಗೂ ಕೋಶದ ಗೌರವ ಸಲ್ಲುವಂತೆ ಮಾಡಿದರು. ಆ ಹಿರಿಯರ ಪರಂಪರೆಯಲ್ಲಿರುವ ನಾವು ಒಂದು ಪಠ್ಯಪುಸ್ತಕದಲ್ಲಿ ಒಂದು ರೂಪ, ಇನ್ನೊಂದರಲ್ಲಿ ಇನ್ನೊಂದು ರೂಪ ಅಚ್ಚುಮಾಡಿ ವಿದ್ಯಾರ್ಥಿಯನ್ನು ದಾರಿತಪ್ಪಿಸಬಾರದು. ಅವನು ಇವೆರಡನ್ನೂ ಬೇರೆ ಬೇರೆ ವಸ್ತುಗಳೆಂದು ತಿಳಿದರೆ ಆ ತಪ್ಪು ಅವನದಲ್ಲ.

ಈ ಪದಗಳು ಪರೀಕ್ಷೆಗೆ ಮಾತ್ರ ಬೇಕಾದುವೆಂದೂ ತಿಳಿಯಬಾರದು. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70 ಡೆಸಿಬೆಲ್ ಮಿತಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಇಪ್ಪತ್ತು ಡೆಸಿಬೆಲ್ ಏರಿತೆಂದರೆ ಶಬ್ದದ ತೀವ್ರತೆ ನೂರು ಪಟ್ಟಾಯಿತೆಂದು ಅರ್ಥ. ಹೆಗ್ಗನಹಳ್ಳಿಯಂಥ ಕಡೆ ಮನೆಗೆ ಅಂಟಿಕೊಂಡೇ ಕಾರ್ಖಾನೆಯಿರುವುದುಂಟು. ಅಲ್ಲಿಗೆ ಯಾವ ಮಿತಿ ಸಲ್ಲುತ್ತದೆಂಬುದು ಕೇಳಲೇಬೇಕಾದ ಪ್ರಶ್ನೆ. ರಾತ್ರಿಪಾಳಿಯ ಯಂತ್ರದ ಸದ್ದಿಗೆ ಮಗು ನಿದ್ರೆ ಮಾಡದ ಮನೆಯ ತಾಯಿ, ಕಿವಿ ಮಂದವಾಗುತ್ತ ಬಂದ ಕಾರ್ಮಿಕ – ಇವರು ಅಧಿಕಾರಿಗಳ ಮುಂದೆ ನಿಂತು ಆಡಬೇಕಾದ ಪದ ಡೆಸಿಬೆಲ್. ಆ ಪದವನ್ನು ಹೇಳಿದರೆ ಎಲ್ಲಿ ನಗುತ್ತಾರೋ ಎಂದು ಅವರು ಸುಮ್ಮನಾದರೆ, ಕಳೆದುಹೋಗುವುದು ಉಚ್ಚಾರಣೆಯಲ್ಲ, ನ್ಯಾಯ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಹೊಸ ಪದ ಬಂದಾಗ ಮೊದಲು ಅದರ ಅರ್ಥವನ್ನೂ ಹುಟ್ಟನ್ನೂ ಹೇಳಿರಿ; ಉಚ್ಚಾರಣೆ ಅದರ ಹಿಂದೆ ಬರಲಿ. ಮಂದ್ರಧ್ವನಿಯ ಸ್ಪೀಕರಿಗೆ ನಾಯಿಯ ಬೊಗಳುವಿಕೆಯಿಂದ ವೂಫರ್ ಎಂದೂ, ತಾರಧ್ವನಿಯದಕ್ಕೆ ಹಕ್ಕಿಯ ಚಿಲಿಪಿಲಿಯಿಂದ ಟ್ವೀಟರ್ ಎಂದೂ ಹೆಸರು ಬಂದಿತೆಂದು ಒಮ್ಮೆ ಹೇಳಿದರೆ, ವೂಫರನ್ನು ಊಫರ್ ಎನ್ನುವ ಹುಡುಗನೂ ಎರಡರ ಗುಣವನ್ನು ಎಂದೂ ಅದಲುಬದಲು ಮಾಡಲಾರ. ಅರ್ಥ ಕೆಡುವ ಕಡೆ, ವ್ಯಕ್ತಿಯ ಹೆಸರು ಮರೆಯಾಗುವ ಕಡೆ ಮೃದುವಾಗಿ ತಿದ್ದಿರಿ. ಬರಹದಲ್ಲಿ ಒಂದೇ ರೂಪವನ್ನು ಹಿಡಿಯಿರಿ. ಉಳಿದೆಡೆಯಲ್ಲಿ ಕನ್ನಡದ ನಾಲಗೆಯನ್ನು ಅದರ ಪಾಡಿಗೆ ಬಿಡಿರಿ. ಧ್ವನಿಯನ್ನು ದನಿ ಮಾಡಿಕೊಂಡ ನಾಲಗೆ ಅದು, ಫಿಡ್ಲನ್ನು ಪಿಟೀಲು ಮಾಡಿಕೊಂಡ ನಾಲಗೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪದ ಬಾಯಿಗೆ ತೊಡಕಾದರೆ ನಿಲ್ಲಬೇಡಿರಿ. ಬಂದಂತೆ ಹೇಳಿ ಪ್ರಶ್ನೆಯನ್ನು ಕೇಳಿಬಿಡಿರಿ. ಪದ ತಿದ್ದಿಕೊಳ್ಳಲು ನಾಳೆ ಇದೆ. ಕೇಳದೆ ಉಳಿದ ಪ್ರಶ್ನೆಗೆ ಯಾವ ಮೇಷ್ಟರೂ ಉತ್ತರ ಹೇಳಲಾರರು.